ನಸುಕಿನ ಗುಳಿಗೆ

ಬಮ್ಮಿಗಟ್ಟಿಯ ಶಂಭುಲಿಂಗಪ್ಪ ದನದ ವೈದ್ಯವನ್ನು ಯಾವ ಶಾಲೆಯಲ್ಲೂ ಕಲಿತವನಲ್ಲ. ಅಜ್ಜ ದನಗಳಿಗೆ ಔಷಧ ಕೊಡುತ್ತಿದ್ದ, ಅಪ್ಪ ಕೊಡುತ್ತಿದ್ದ, ಇವನೂ ಕೊಟ್ಟ. ಆಕಳು ಈಯಲಾರದೆ ಒದ್ದಾಡಿದರೆ, ಎತ್ತು ಹೊಟ್ಟೆ ಉಬ್ಬಿ ಬಿದ್ದರೆ, ಎಮ್ಮೆ ಮೇವು ಬಿಟ್ಟರೆ ಅತ್ತ ದೇವಿಕೊಪ್ಪದವರೆಗಿನ ಜನ ಇವನ ಬಾಗಿಲಿಗೆ ಬರುತ್ತಿದ್ದರು. ಅವನ ಹತ್ತಿರ ಮೊಳದುದ್ದದ ಒಂದು ಬಿದಿರಿನ ಗೊಟ್ಟವಿತ್ತು. ಒಂದು ತುದಿಯನ್ನು ಓರೆಯಾಗಿ ಕತ್ತರಿಸಿ, ಎಣ್ಣೆ ಕುಡಿಸಿ ನುಣುಪು ಮಾಡಿದ್ದ. ಅದರಲ್ಲಿ ಕಷಾಯ ತುಂಬಿ, ದನದ ಬಾಯಿಯ ಬಾಜುವಿನಿಂದ ತೂರಿಸಿ ಗಂಟಲಿಗಿಳಿಸುವುದು ನೋಡಿದಷ್ಟು ಸಲೀಸಲ್ಲ. ಕೈ ತಿಳಿಯದವರು ಮಾಡಿದರೆ ಅರ್ಧ ಔಷಧ ನೆಲದ ಪಾಲು. ಉಳಿದರ್ಧ ಶ್ವಾಸಕ್ಕೆ ಹೋಗಿ ದನವೇ ಮಣ್ಣುಪಾಲು. ಶಂಭುಲಿಂಗಪ್ಪ ಮಾತ್ರ ಎಡಗೈಯಿಂದ ಗದ್ದ ಎತ್ತಿ, ಗಂಟಲ ಮೇಲೆ ಎರಡು ಬೆರಳು ಮೆಲ್ಲಗೆ ಆಡಿಸುತ್ತ ಮಾತಿಗಿಳಿಯುತ್ತಿದ್ದ.

"ಹಾಂ, ನುಂಗವ್ವಾ, ನುಂಗು. ತವರಮನಿ ಮಜ್ಜಗಿ ಅಂತ ತಿಳಕೊಂಡು ನುಂಗು."

ಹಾಯುವ ಎಮ್ಮೆ ಕೂಡ ಗಟಗಟ ನುಂಗಿಬಿಡುತ್ತಿತ್ತು.

ಆಳು ಎತ್ತರ, ಹಲಗೆಯಂಥ ಎದೆ. ಉಣ್ಣಲು ಕೂತರೆ ಕಟಿರೊಟ್ಟಿಯಾದರೂ ಸರಿ, ಬಿಸಿ ರೊಟ್ಟಿಯಾದರೂ ಸರಿ, ನಾಲ್ಕಕ್ಕೆ ಕಡಿಮೆ ಇಲ್ಲ. ಗುರೆಳ್ಳಿನ ಖಾರದ ಹಿಂಡಿಯ ಮೇಲೆ ಎಣ್ಣೆ ಸುರಿದುಕೊಂಡು, ಉಳ್ಳಾಗಡ್ಡಿ ಗುದ್ದಿ ಹಾಕಿಕೊಂಡು, ಅವನು ಉಣ್ಣುವುದನ್ನು ನೋಡಿದರೆ ಉಂಡೆದ್ದವನಿಗೂ ಹಸಿವಾಗಬೇಕು. ಹೆಂಡತಿ ಸುಶೀಲವ್ವ ಒಲೆಯ ಮುಂದಿನಿಂದಲೇ ಕೂಗುತ್ತಿದ್ದಳು: "ಇನ್ನ ಎಷ್ಟ ಬಡೀಲಿ ಹೇಳ್ರಿ ಒಮ್ಮೆ, ಹಿಟ್ಟಿನ ಡಬ್ಬಿ ತಳ ಕಾಣಾಕತ್ತೈತಿ."

ಆದರೆ ಅಷ್ಟು ಉಣ್ಣುವ ಮನುಷ್ಯ ಬೆಳಿಗ್ಗೆ ಎದ್ದು ಲಿಂಗಪೂಜೆ ಆಗುವವರೆಗೆ ಒಂದು ಹನಿ ನೀರು ಬಾಯಿಗೆ ಹಾಕುತ್ತಿರಲಿಲ್ಲ. ಹನ್ನೆರಡನೆಯ ವಯಸ್ಸಿಗೆ ದೀಕ್ಷೆಯಾದಾಗ ಅಜ್ಜ ತನ್ನ ಕೈ ಮೇಲೆ ಮೊಮ್ಮಗನ ಕೈ ಹಾಕಿಸಿಕೊಂಡು ತೆಗೆದುಕೊಂಡ ಮಾತು ಅದು. ನಮ್ಮ ಊರಿನ ಬಹಳ ಮನೆಗಳಲ್ಲಿ ಆ ನೇಮವಿತ್ತು. ಚಹಾ ಬಂದ ಮೇಲೆ ಅರ್ಧ ಊರಿನ ನೇಮ ಚಹಾದ ಬಟ್ಟಲಿನಲ್ಲಿ ಕರಗಿತು. ನನ್ನದೂ ಕರಗಿತು. ಶಂಭುಲಿಂಗಪ್ಪನದು ಕರಗಲಿಲ್ಲ. ನಸುಕಿನಲ್ಲೇ ಎದ್ದು ಸಗಣಿ ಬಳಿದು, ಹಾಲು ಹಿಂಡಿ, ಕರೆಯಲು ಬಂದವರ ದನ ನೋಡಿ ಬಂದು, ಮೈ ತೊಳೆದು ಪೂಜೆಗೆ ಕೂರುವಷ್ಟರಲ್ಲಿ ಒಂಬತ್ತು ಗಂಟೆ. ಅಡ್ಡ ಸಿಕ್ಕ ಕರುವನ್ನು ಎಳೆಯುವ ದಿನ ಮಧ್ಯಾಹ್ನವೂ ಆಗುತ್ತಿತ್ತು. ತುಟಿ ಒಡೆದರೂ ನೀರು ಮುಟ್ಟುತ್ತಿರಲಿಲ್ಲ.

ಎತ್ತುಗಳಿಗೆ ಲಾಳ ಹೊಡೆಯುವ ಬುಡನಸಾಬ ಅವನ ಗೆಳೆಯ. ಒಬ್ಬನು ದನದ ಬಾಯಿ ಹಿಡಿದರೆ ಇನ್ನೊಬ್ಬನು ಕಾಲು ಹಿಡಿಯಬೇಕು. ಇಬ್ಬರದೂ ಕೂಡಿ ನಡೆಯುವ ಕಸುಬು.

"ಯಣ್ಣಾ, ನಮ್ಮ ರಮಜಾನದ ರೋಜಾ ವರ್ಷಕ್ಕ ಒಂದ ತಿಂಗಳು," ಎನ್ನುತ್ತಿದ್ದ ಬುಡನಸಾಬ. "ನಿಂದು ವರ್ಷಾನಗಟ್ಲೆ ಅರ್ಧಾ ದಿನದ ರೋಜಾ. ಹಿಂಗಾದ್ರ ನನಕಿಂತ ನೀನ ಮೊದಲ ಸ್ವರ್ಗಕ್ಕ ಹೋಗಾಂವ."

"ಹೋಗಿ ನಿನಗೊಂದು ಜಾಗಾ ಹಿಡದಿರತೇನಿ ಬಾರಲೇ. ಅಲ್ಲಿ ಎತ್ತಿಗೆ ಲಾಳಾ ಹೊಡ್ಯಾವ್ರು ಯಾರೂ ಇಲ್ಲಂತ."

ಎಂಬತ್ತನಾಲ್ಕನೆಯ ಇಸವಿಯ ಮಳೆಗಾಲದಲ್ಲಿ ಊರಿನ ಆಕಳುಗಳು ಒಂದರ ಹಿಂದೊಂದು ಕಂದು ಹಾಕತೊಡಗಿದವು. ಆರು ತಿಂಗಳ, ಏಳು ತಿಂಗಳ ಗಬ್ಬ ಜಾರಿ ಬೀಳುವುದು. ಮಾಸು ಮಾತ್ರ ಒಳಗೇ ನಿಂತು ಕೊಳೆಯುವುದು. ಅಂಥ ಎಷ್ಟೋ ಆಕಳುಗಳಿಗೆ ಶಂಭುಲಿಂಗಪ್ಪ ಮೊಣಕೈವರೆಗೆ ಕೈ ಹಾಕಿ ಮಾಸು ತೆಗೆದ. ಬೂದಿ ಹಚ್ಚಿ ಕೈ ತೊಳೆದ, ಅಷ್ಟೇ. ದೀಪಾವಳಿ ಮುಂದೆ ಅವನಿಗೆ ಜ್ವರ ಹತ್ತಿತು. ನಾಲ್ಕು ದಿನ ಏರುವುದು, ನಾಲ್ಕು ದಿನ ಇಳಿಯುವುದು. ಸಂಜೆಗೆ ಬೆವರು ಸುರಿದು ಹಾಸಿಗೆ ತೋಯುವುದು. ಸೊಂಟ, ಮೊಣಕಾಲು, ಒಂದೊಂದು ಕೀಲೂ ಹಿಡಿದುಕೊಂಡವು. ಎರಡು ತಿಂಗಳು ಊರ ಔಷಧ ಮಾಡಿ ಸೋತ ಮೇಲೆ ಕಲಘಟಗಿಯ ಡಾಕ್ಟರರು ರಕ್ತ ತೆಗೆದು ಹುಬ್ಬಳ್ಳಿಗೆ ಕಳಿಸಿದರು. ಕಂದು ಹಾಕಿದ ದನಗಳಿಂದ ಮನುಷ್ಯನಿಗೆ ಬರುವ ಜ್ವರ ಎಂದು ಗೊತ್ತಾಯಿತು. ಕೆಲವು ಸೂಜಿ, ಜೊತೆಗೆ ಎರಡು ಬಣ್ಣದ ಕೊಳವೆಯಂಥ ಗುಳಿಗೆ. ದಿನಕ್ಕೆ ನಾಲ್ಕು, ಆರು ವಾರ ಬಿಡದೆ ತೆಗೆದುಕೊಳ್ಳಬೇಕು. ಖಾಲಿ ಹೊಟ್ಟೆಯಲ್ಲಿ ನುಂಗಬೇಕು, ಹಾಲು ಕೂಡಿಸಬಾರದು, ಮೊದಲನೆಯದು ಬೆಳಿಗ್ಗೆ ಎದ್ದ ಕೂಡಲೇ.

ಹೊರಗೆ ಕಾದು ನಿಂತ ರೋಗಿಗಳು ಐವತ್ತು ಜನ. ಡಾಕ್ಟರರು ಇಷ್ಟು ಹೇಳಿ ಚೀಟಿ ಕೊಟ್ಟು ಮುಂದಿನವನನ್ನು ಕರೆದರು.

ಆ ಚೀಟಿ ಮತ್ತು ಗುಳಿಗೆಯ ಡಬ್ಬಿ ನನ್ನ ಕೈಗೆ ಬಂದವು. ಊರಿನಲ್ಲಿ ಇಂಗ್ಲಿಷ್ ಅಕ್ಷರ ಕೂಡಿಸಿ ಓದುವವನು ಆಗ ನಾನೊಬ್ಬನೇ. ನಾಲ್ಕನೆಯ ಇಯತ್ತೆಗೆ ಶಾಲೆ ಬಿಟ್ಟು, ಹಳೆಯ ಪತ್ರಿಕೆ, ಗೊಬ್ಬರದ ಚೀಲ, ಬಸ್ಸಿನ ಬೋರ್ಡು, ಕಂಡದ್ದನ್ನೆಲ್ಲ ಓದಿ ಕಲಿತದ್ದು. ಕೋರ್ಟಿನ ಕಾಗದ, ಮಿಲಿಟರಿಯಿಂದ ಬಂದ ತಾರು, ಎಲ್ಲವೂ ನನ್ನ ಕಟ್ಟೆಗೇ ಬರುತ್ತಿದ್ದವು. ಶಾಸ್ತ್ರದ ಮಾತಿಗೂ ಜನ ನನ್ನ ಬಾಯಿ ನೋಡುತ್ತಿದ್ದರು. ವಚನದ ಹೊತ್ತಗೆಗಳನ್ನು ಮಠದ ಅಯ್ಯನಿಗಿಂತ ಹೆಚ್ಚು ಓದಿದ್ದೆ, ಅದರಲ್ಲಿ ಸುಳ್ಳಿಲ್ಲ.

"ಶಂಕ್ರಪ್ಪಣ್ಣಾ, ಒಂದು ಪೇಚು ಬಂದೈತಿ," ಎಂದ ಶಂಭುಲಿಂಗಪ್ಪ. ತನ್ನ ಮನೆಯ ಕಟ್ಟೆಯ ಮೇಲೆ ಕಂಬಳಿ ಹೊದ್ದು ಕೂತಿದ್ದ. "ಮೊದಲನೇ ಗುಳಗಿ ಎದ್ದ ಕೂಡ್ಲೆ ತಗೋಬೇಕಂತ. ನನ್ನ ಪೂಜಿ ಆಗೂದು ಒಂಬತ್ತಕ್ಕ. ನೇಮಕ್ಕ ಭಂಗ ಬರತೈತೇನು?"

ನಾನು ತಡವಿಲ್ಲದೆ ತೀರ್ಪು ಕೊಟ್ಟೆ. "ಗುಳಗಿ ಅನ್ನ ಅಲ್ಲ, ನೀರೂ ಅಲ್ಲ. ಔಷಧಕ್ಕ ದೋಷ ಇಲ್ಲ. ನೀರು ಮುಟ್ಟಬ್ಯಾಡ, ಬರೇ ಗುಳಗಿ ನುಂಗು. ನೇಮಾನೂ ಉಳೀತೈತಿ, ಜೀವಾನೂ ಉಳೀತೈತಿ."

"ಒಣಾದು ಇಳೀತೈತೆಂತೀಯೇನು?"

"ನೂರಾರು ದನಕ್ಕ ಗೊಟ್ಟಾ ಹಾಕಿ ನುಂಗಿಸಿದಾಂವ ನೀನು. ನಿನಗ ಬೆರಳಿನ ತುದಿಯಷ್ಟ ಗುಳಗಿ ನುಂಗಾಕ ಬರಂಗಿಲ್ಲಂದ್ರ ಕೇಳಿದವ್ರು ನಗತಾರ."

ಅವನೂ ನಕ್ಕ. ಒಳಗೆ ಅಕ್ಕಿ ಆರಿಸುತ್ತಿದ್ದ ಸುಶೀಲವ್ವನೂ ನಕ್ಕದ್ದು ಕೇಳಿಸಿತು.

ಅಂದಿನಿಂದ ಕೋಳಿ ಕೂಗುವ ಹೊತ್ತಿಗೆ ಸುಶೀಲವ್ವ ಡಬ್ಬಿಯಿಂದ ಒಂದು ಗುಳಿಗೆ ತೆಗೆದು ಅವನ ಅಂಗೈಗೆ ಹಾಕುವಳು. ಅವನು ಮಲಗಿದಲ್ಲೇ ಅರ್ಧ ಎದ್ದು, ಉಗುಳಿನಲ್ಲಿ ತೋಯಿಸಿ, ಕತ್ತು ಚಾಚಿ ನುಂಗಿ, ಜ್ವರದ ಮೈಯಾದ್ದರಿಂದ ಮತ್ತೆ ಕಂಬಳಿ ಎಳೆದುಕೊಂಡು ಮಲಗಿಬಿಡುವನು. ಉಳಿದ ಮೂರು ಗುಳಿಗೆಗಳನ್ನು ನೀರಿನೊಂದಿಗೇ ನುಂಗುತ್ತಿದ್ದ. ನಸುಕಿನದು ಮಾತ್ರ ಒಣದು.

ಎರಡು ವಾರದೊಳಗೆ ಜ್ವರ ಇಳಿಯಿತು. ಕೀಲು ಸಡಿಲಾದವು. ನನ್ನ ಓದಿನ ಮೇಲೆ ಊರಿಗೆ ನಂಬಿಕೆ ಇನ್ನೊಂದು ಗೇಣು ಬೆಳೆಯಿತು.

ಮೂರನೆಯ ವಾರ ಅವನಿಗೆ ಎದೆಯ ನಡುವೆ ಏನೋ ಸಿಕ್ಕಿಕೊಂಡಂತೆ ಆಗತೊಡಗಿತು. ಗುಳಿಗೆ ಅಲ್ಲೇ ನಿಂತಂತೆ, ಮೇಲೆ ಕೆಂಡ ಇಟ್ಟಂತೆ. ಒಂಬತ್ತಕ್ಕೆ ನೀರು ಕುಡಿದರೆ ಆ ನೀರೂ ಉರಿಯುತ್ತ ಇಳಿಯುವುದು. ಅವನು ಯಾರಿಗೂ ಹೇಳಲಿಲ್ಲ. ಔಷಧ ಅಂದ ಮೇಲೆ ಕಹಿ, ಉರಿ ಇದ್ದದ್ದೇ ಎಂದುಕೊಂಡ. ಅವನು ಕೊಟ್ಟ ಔಷಧಗಳೇನು ಕಡಿಮೆ ಉರಿಯುತ್ತಿದ್ದವೆ? ಯಾವ ದನ ಬಂದು ಅವನಿಗೆ ದೂರು ಹೇಳಿತ್ತು? ಇನ್ನೂ ಒಂದು ವಾರ ಹಾಗೇ ನುಂಗಿದ. ಆಮೇಲೆ ತಡೆಯಲಾರದೆ, ಹೇಗೂ ಜ್ವರ ಹೋಗಿದೆ ಎಂದು, ಉಳಿದ ಗುಳಿಗೆಗಳನ್ನು ಗೂಡಿನಲ್ಲಿಟ್ಟು ಮರೆತ.

ಉರಿ ಮೆಲ್ಲಗೆ ಕಡಿಮೆಯಾಯಿತು. ಆದರೆ ರೊಟ್ಟಿ ಇಳಿಯದಾಯಿತು.

ಮೊದಲು ಗೊತ್ತಾದದ್ದು ಸುಶೀಲವ್ವನಿಗೆ. ನಾಲ್ಕು ರೊಟ್ಟಿ ಎರಡಾದವು. ಕಟಿರೊಟ್ಟಿ ಬಿಟ್ಟು ಬಿಸಿಯದನ್ನೇ ಕೇಳತೊಡಗಿದ. ಆಮೇಲೆ ಅದನ್ನೂ ಸಾರಿನಲ್ಲಿ ಕಿವುಚಿ ಉಂಡ. ಒಂದೊಂದು ತುತ್ತಿಗೂ ಒಂದು ಗುಟುಕು ನೀರು. ಕತ್ತನ್ನು ಅತ್ತಿತ್ತ ತಿರುಗಿಸುವುದು. ಎದ್ದು ನಿಂತು ಎದೆ ಗುದ್ದಿಕೊಳ್ಳುವುದು. ಒಂದು ದಿನ ನಡುಮನೆಯಲ್ಲಿ ಉಣ್ಣುವಾಗ ತುತ್ತು ನಿಂತೇಬಿಟ್ಟಿತು. ಕಣ್ಣು ಕೆಂಪಾಗಿ, ಬೆವರಿ, ಹಿತ್ತಲಿಗೆ ಓಡಿ ಕಾರಿಕೊಂಡ. ಅಂದಿನಿಂದ ಯಾರ ಮುಂದೆಯೂ ಉಣ್ಣಲು ಕೂರಲಿಲ್ಲ. ಮದುವೆ, ಸೀಮಂತ, ಯಾವ ಪಂಕ್ತಿಗೂ ಹೋಗಲಿಲ್ಲ. ಶ್ರಾವಣದ ಹೊತ್ತಿಗೆ ನುಚ್ಚಿನ ಗಂಜಿ ಮತ್ತು ಮಜ್ಜಿಗೆ ಮಾತ್ರ ಉಳಿದವು. ಹಲಗೆಯಂಥ ಎದೆಯಲ್ಲಿ ಪಕ್ಕೆಲುಬುಗಳು ರೈಲು ಹಳಿಯಂತೆ ಎದ್ದು ಕಂಡವು.

ಊರು ಬಾಯಿಗೆ ಬಂದದ್ದು ಆಡಿತು. ಗಂಟಲ ಹುಣ್ಣು, ಬೀಡಿ ಸೇದದವನಿಗೂ ಬರುತ್ತದೆ ಎಂದರು ಕೆಲವರು. "ಮೂಕ ಪ್ರಾಣಿಗಳ ಗಂಟಲದಾಗ ಜುಲ್ಮಿಲೆ ಸುರದಾನ. ಅವು ಬಾಯಿಬಿಟ್ಟು ಹೇಳಲಿಲ್ಲ, ದೇವ್ರು ಹೇಳಿದ," ಎಂದರು ಇನ್ನು ಕೆಲವರು. ಈ ಮಾತು ಅವನ ಕಿವಿಗೂ ಬಿತ್ತು. ಅಂದಿನಿಂದ ದನ ನೋಡಲು ಕರೆದರೆ ಮೈಯಲ್ಲಿ ಸುಖವಿಲ್ಲ ಎಂದು ಹೇಳಿ ಕಳಿಸತೊಡಗಿದ.

ಕೊನೆಗೆ ಬುಡನಸಾಬ ಜಗಳಾಡಿ ಅವನನ್ನು ಹೊರಡಿಸಿದ. "ಏಳಲೇ, ಹುಬ್ಬಳ್ಳಿಗೆ ಹೋಗೂಣು. ಹೆಂಡ್ರ ಮುಂದ ಹಿಂಗ ಒಣಗಿ ಕಟಗಿ ಆಗೂದು ಯಾವ ಶಾಸ್ತ್ರದಾಗೈತಿ?" ಓದುವವನು ಬೇಕೆಂದು ನಾನೂ ಜೊತೆಗೆ ಹೋದೆ.

ದೊಡ್ಡ ಆಸ್ಪತ್ರೆಯಲ್ಲಿ ಸುಣ್ಣದ ತಿಳಿಯಂಥ ಬಿಳಿಯ ನೀರು ಕುಡಿಸಿ ಎದೆಯ ಫೋಟೋ ತೆಗೆದರು. ಮರುದಿನ ಕೊಳವೆ ಇಳಿಸಿ ದೀಪ ಹಚ್ಚಿ ನೋಡಿದರು. ವಯಸ್ಸಾದ ಡಾಕ್ಟರರು ಫೋಟೋವನ್ನು ಬೆಳಕಿಗೆ ಹಿಡಿದು ನಮ್ಮನ್ನು ಕರೆದರು. ಬಿಳಿಯ ನೀರು ಅಗಲವಾಗಿ ಇಳಿದು ಎದೆಯ ನಡುವೆ ಒಮ್ಮೆಲೆ ದಾರದಷ್ಟು ಸಣ್ಣಗಾಗಿತ್ತು.

"ಕ್ಯಾನ್ಸರ್ ಅಲ್ಲ," ಎಂದರು. ಬುಡನಸಾಬ ಮೇಲೆ ನೋಡಿ ಎರಡೂ ಕೈ ಎತ್ತಿದ. "ಏನೋ ಸುಟ್ಟು ಹುಣ್ಣಾಗಿ, ಮಾಯ್ದು, ಕಲೆ ಬಿಗಿದದ. ಆ್ಯಸಿಡ್ ಏನರೆ ಕುಡದಿದ್ರೇನು, ಯಜಮಾನ್ರ?"

"ಇಲ್ರಿ ಯಪ್ಪಾ. ಚಹಾನ ಕುಡಿಯಾಂವಲ್ಲ ನಾ."

ಡಾಕ್ಟರರು ಹಳೆಯ ಚೀಟಿಗಳನ್ನು ಒಂದೊಂದಾಗಿ ತಿರುವಿದರು. ಒಂದು ಚೀಟಿಯ ಮೇಲೆ ಬೆರಳು ನಿಂತಿತು. "ಈ ಗುಳಗಿ ಎಷ್ಟು ನೀರಿನ ಜೋಡಿ ನುಂಗತಿದ್ರಿ?"

"ಮಧ್ಯಾಹ್ನದ್ದು, ಸಂಜೀದು ಒಂದು ತಂಬಗಿರಿ."

"ಮುಂಜಾನಿದು?"

"ಮುಂಜಾನೆ ನೀರು ಹೆಂಗ ಕುಡೀಲಿರಿ? ಪೂಜಿ ಆಗಿರತಿದ್ದಿಲ್ಲ. ಬರೇ ಗುಳಗಿ ನುಂಗಿ ಮಲಗತಿದ್ನಿ."

ಡಾಕ್ಟರರು ಪೆನ್ನು ಕೆಳಗಿಟ್ಟರು. ಆಮೇಲೆ ಸಿಟ್ಟಿಲ್ಲದೆ ವಿವರಿಸಿದರು: ಒಣ ಗಂಟಲಲ್ಲಿ ಆ ಗುಳಿಗೆ ಹೊಟ್ಟೆಯವರೆಗೆ ಹೋಗದು, ನಡುವೆಯೇ ಅಂಟಿಕೊಂಡು ಕರಗುತ್ತದೆ, ಕರಗಿದ್ದು ಹುಳಿಯಾಗಿ ಮಾಂಸವನ್ನು ಸುಡುತ್ತದೆ, ಮಲಗಿದರೆ ಇನ್ನೂ ಹೆಚ್ಚು. ದಿನಾಲು ಒಂದೇ ಜಾಗವನ್ನು ಸುಟ್ಟರೆ ಇನ್ನೇನಾದೀತು.

"ಹಿಂಗ ಒಣಾದು ನುಂಗ್ರಿ ಅಂತ ಯಾರು ಹೇಳಿದ್ರು ನಿಮಗ?"

ಶಂಭುಲಿಂಗಪ್ಪ ನನ್ನ ಕಡೆ ನೋಡಲಿಲ್ಲ. ತಪ್ಪಿ ಕೂಡ ನೋಡಲಿಲ್ಲ. "ಯಾರೂ ಇಲ್ರಿ. ನನ್ನ ಬುದ್ಧೀಲೆ ನಾನ ಮಾಡಿದ್ದು," ಎಂದ.

ನಾನು ಅಲ್ಲೇ ನಿಂತಿದ್ದೆ. ಮೇಜಿನ ಮೇಲಿನ ಹಳೆಯ ಚೀಟಿಗಳನ್ನು ಕೂಡಿಸಿ ಮಡಚತೊಡಗಿದೆ.

ಊರಿಗೆ ಬಂದ ಮೇಲೆ ಅವನ ಗೂಡಿನಲ್ಲಿದ್ದ ಡಬ್ಬಿ ಕೇಳಿ ತಂದೆ. ಒಳಗೆ ಎಂಟು ಮಡಿಕೆ ಮಾಡಿ ಇಟ್ಟ ಕಾಗದವಿತ್ತು. ಮೊದಲ ಸಲ ಮೇಲಿನ ನಾಲ್ಕು ಸಾಲು ಓದಿ, ಊಟಕ್ಕಿಂತ ಮೊದಲು ಎಂಬ ಮಾತು ಸಿಕ್ಕ ಕೂಡಲೇ ಮಡಚಿ ಕೊಟ್ಟಿದ್ದೆ. ಈಗ ಪೂರ್ತಿ ಬಿಚ್ಚಿ ಬಿಸಿಲಿಗೆ ಹಿಡಿದೆ. ಮಡಿಕೆಯ ಗೆರೆಯ ಮೇಲೆ, ಸಾಸಿವೆಯಂಥ ಅಕ್ಷರಗಳಲ್ಲಿ, ತುಂಬಿದ ಲೋಟ ನೀರಿನೊಂದಿಗೆ ನುಂಗಬೇಕೆಂದು ಬರೆದಿತ್ತು. ನೀರು ಎಂಬ ಇಂಗ್ಲಿಷ್ ಶಬ್ದ ನಾನು ಕಲಿತ ಮೊದಲ ಹತ್ತು ಶಬ್ದಗಳಲ್ಲಿ ಒಂದು.

ಬಿಗಿದ ಜಾಗವನ್ನು ಹಿಗ್ಗಿಸಬೇಕೆಂದು ಹುಬ್ಬಳ್ಳಿಯವರು ಹೇಳಿದ್ದರು. ತಿಂಗಳಿಗೊಮ್ಮೆ ಹೋಗಬೇಕು, ಬೆರಳಿನಷ್ಟು ದಪ್ಪದ ಕೋಲುಗಳನ್ನು, ಸಣ್ಣದರಿಂದ ದೊಡ್ಡದಕ್ಕೆ, ಒಂದಾದ ಮೇಲೊಂದು ಗಂಟಲಿನಲ್ಲಿ ಇಳಿಸುತ್ತಾರೆ. ಮೊದಲ ಸಲ ಆದ ಮೇಲೆ ಅವನು ಮೆತ್ತನೆಯ ಅನ್ನ ಉಂಡ. ಸುಶೀಲವ್ವ ಓಣಿಯ ಮನೆಮನೆಗೆ ಹೋಗಿ ಹೇಳಿ ಬಂದಳು. ಎರಡನೆಯ ಸಲ ಆದ ಮೇಲೆ ಅರ್ಧ ರೊಟ್ಟಿ ಹಾಲಿನಲ್ಲಿ ಕಿವುಚಿ ಉಂಡ. ಮೂರನೆಯ ಸಲ ರಕ್ತ ಬಂತು. ಬಸ್ಸಿನಲ್ಲಿ ಬರುವಾಗ ಟವೆಲ್ಲಿನಲ್ಲಿ ಬಾಯಿ ಒತ್ತಿ ಹಿಡಿದು ಕೂತಿದ್ದವನು ಇಳಿದ ಮೇಲೆ ಒಂದೇ ಮಾತು ಹೇಳಿದ: "ಇನ್ನ ಆ ಕೋಲು ನುಂಗಂಗಿಲ್ಲ, ಅಣ್ಣಾ. ಕೊರಳು ಕೊಯ್ದ್ರೂ ನುಂಗಂಗಿಲ್ಲ."

ನಾನು ಎಷ್ಟು ಹೇಳಿದರೂ ಅವನು ಹೋಗಲಿಲ್ಲ. ಹೇಳಲು ನನಗೆ ಬಾಯಾದರೂ ಎಲ್ಲಿತ್ತು.

ಮರುವರ್ಷ ಮಾಗಿಯಲ್ಲಿ ಜ್ವರ ತಿರುಗಿ ಬಂತು. ಅರ್ಧಕ್ಕೆ ಬಿಟ್ಟ ಔಷಧದ ಫಲ ಎಂದರು ಕಲಘಟಗಿಯ ಡಾಕ್ಟರರು. ಅವೇ ಗುಳಿಗೆಗಳು. ಈ ಸಲ ಕೊಳವೆಯನ್ನು ಬಿಚ್ಚಿ ಒಳಗಿನ ಪುಡಿಯನ್ನು ಲೋಟದ ತುಂಬ ನೀರಿನಲ್ಲಿ ಕದಡಿ ಕುಡಿಯಬೇಕು, ಮೇಲೆ ಮತ್ತೊಂದು ಲೋಟ ನೀರು ಕುಡಿದು ಒಂದು ತಾಸು ಕುಳಿತೇ ಇರಬೇಕು, ಒಂದು ಹೊತ್ತೂ ತಪ್ಪಿಸಬಾರದು ಎಂದು ಸುಶೀಲವ್ವನನ್ನು ಎದುರು ಕೂರಿಸಿಕೊಂಡು ಹೇಳಿದರು. ಶಂಭುಲಿಂಗಪ್ಪ ಹಾಸಿಗೆ ಹಿಡಿದಿದ್ದ. ಸ್ನಾನಕ್ಕೆ ಏಳಲು ಕಾಲಿರಲಿಲ್ಲ. ಸ್ನಾನವಿಲ್ಲದೆ ಪೂಜೆಯಿಲ್ಲ, ಪೂಜೆಯಿಲ್ಲದೆ ನೀರಿಲ್ಲ. ಮಧ್ಯಾಹ್ನಕ್ಕೆ ಹೇಗೋ ಎತ್ತಿ ಕೂರಿಸಿ, ಬಿಸಿನೀರು ಹಾಕಿ ಪೂಜೆ ಮಾಡಿಸುವವರೆಗೆ ಎರಡು ಹೊತ್ತಿನ ಔಷಧ ತಪ್ಪಿಹೋಗುತ್ತಿತ್ತು.

ಬುಡನಸಾಬ ಹಾಸಿಗೆಯ ಬಾಜು ಕೂತು ಬೇಡಿಕೊಂಡ. "ಜಡ್ಡಾದಾಂವ ರೋಜಾ ಬಿಡಬಹುದು ಅಂತ ನಮ್ಮಲ್ಲಿ ಐತಿ. ನಿಮ್ಮ ದೇವ್ರಿಗೆ ಅಷ್ಟೂ ಕರುಣಾ ಇಲ್ಲೇನು?"

"ದೇವ್ರಿಗೆ ಐತೋ ಏನೋ," ಎಂದ ಶಂಭುಲಿಂಗಪ್ಪ ಕಣ್ಣು ಮುಚ್ಚಿಕೊಂಡೇ. "ನಮ್ಮಜ್ಜಗ ಇದ್ದಿಲ್ಲ ನೋಡು."

ಬುಡನಸಾಬನಿಗೆ ನಗು ಬಂತು. ಟೋಪಿ ತೆಗೆದು ಕಣ್ಣು ಒರೆಸಿಕೊಂಡ.

ನಾನು ನನ್ನ ಹೊತ್ತಗೆಗಳನ್ನೆಲ್ಲ ತೆಗೆದು ಕೂತೆ. ರೋಗಿಗೆ ನೇಮ ಸಡಿಲವೆಂದು ಎಲ್ಲಾದರೂ ಒಂದು ಸಾಲು ಸಿಕ್ಕರೆ ಅವನ ಮುಂದೆ ಹಿಡಿಯಬೇಕೆಂದು ಎರಡು ದಿನ ಹುಡುಕಿದೆ. ಮೂರನೆಯ ದಿನ ಹೊತ್ತು ಮೂಡುವ ಮುಂಚೆ ಅವನ ಮನೆಗೆ ಹೋದಾಗ ಸುಶೀಲವ್ವ ಅವನನ್ನು ಗೋಡೆಗೆ ಒರಗಿಸಿ ಕೂರಿಸಿದ್ದಳು. ಹಸಿ ಬಟ್ಟೆಯಿಂದ ಅವನ ಮುಖ, ಎದೆ, ತೋಳು ಒರೆಸಿದಳು. ಹಣೆಗೆ ವಿಭೂತಿ ಎಳೆದಳು. ಕೊರಳಿನಿಂದ ಲಿಂಗ ಬಿಚ್ಚಿ ಅವನ ಎಡಗೈಯಲ್ಲಿಟ್ಟಳು. ಆ ಕೈಗೆ ಬಲವಿರಲಿಲ್ಲ, ಕೆಳಗೆ ತನ್ನ ಕೈ ಆನಿಸಿದಳು. ಕೈಯ ಕೆಳಗೆ ಒಂದು ಬಟ್ಟಲಿಟ್ಟು, ತಂಬಿಗೆ ಎತ್ತಿ, ಲಿಂಗದ ಮೇಲೆ ಸಣ್ಣ ಧಾರೆಯಾಗಿ ನೀರು ಬಿಟ್ಟಳು. ಹನಿ ಹನಿಯಲ್ಲ, ಬಟ್ಟಲು ತುಂಬುವವರೆಗೆ ಬಿಟ್ಟಳು. ಬಾಯಲ್ಲಿ ಐದಕ್ಷರ ಮಂತ್ರ, ಅಷ್ಟೇ. ಪತ್ರಿ ಇಲ್ಲ, ಗಂಟೆ ಇಲ್ಲ. ಅದರಲ್ಲಿ ಲೋಟದ ತುಂಬ ಬಸಿದು ಗುಳಿಗೆಯ ಪುಡಿ ಕದಡಿದಳು.

"ಪೂಜಿ ಆತು," ಎಂದಳು ಗಂಡನಿಗೆ. "ಇದು ನೀರಲ್ರಿ. ಲಿಂಗದ ತೀರ್ಥ. ತೀರ್ಥ ತಗೊಳ್ಳಾಕ ಯಾವ ಅಜ್ಜ ಬ್ಯಾಡಂತಾನು? ಕುಡೀರಿ."

ಅವನು ಅವಳನ್ನೇ ನೋಡಿದ. ಆಮೇಲೆ ಗುಟುಕು ಗುಟುಕಾಗಿ ಲೋಟ ಖಾಲಿ ಮಾಡಿ, ಬಟ್ಟಲಿನದನ್ನೂ ಕುಡಿದ. ಒಂದು ಗುಟುಕು ಮೂಗಿನಿಂದ ಹೊರಗೆ ಬಂತು. ಉಳಿದದ್ದು ಇಳಿಯಿತು.

ಅವಳು ಬಟ್ಟಲು ಎತ್ತಿಕೊಂಡು ಒಳಗೆ ಹೋಗುವಾಗ ಬಾಗಿಲಲ್ಲಿ ನಿಂತಿದ್ದ ನನ್ನ ಮುಂದೆ ಬಂದು ನಿಂತಳು. ಧ್ವನಿ ಎತ್ತಲಿಲ್ಲ.

"ಮೂರ ಮಿನಿಟಿನ ಕೆಲಸ, ಭಾವಾರ. ಅವತ್ತ ನೀವು ಹೇಳಿದ್ರ ಆಗತಿತ್ತಲ್ಲರಿ."

ನನ್ನ ಕಂಕುಳಲ್ಲಿ ಎರಡು ಹೊತ್ತಗೆಗಳಿದ್ದವು.

ಹೀಗೆ ಹತ್ತೊಂಬತ್ತು ದಿನ ನಡೆಯಿತು. ಒಂದು ಹೊತ್ತೂ ತಪ್ಪಲಿಲ್ಲ. ಜ್ವರ ಇಳಿಯಿತು ಕೂಡ. ಆದರೆ ಎದೆಯೊಳಗಿನ ದಾರಿ ದಿನೇ ದಿನೇ ಬಿಗಿಯುತ್ತಲೇ ಇತ್ತು. ಗಂಜಿ ನಿಂತಿತು, ಆಮೇಲೆ ಮಜ್ಜಿಗೆ ನಿಂತಿತು. ಹುಬ್ಬಳ್ಳಿಗೆ ಹೋಗಲು ಕೊನೆಗೆ ಅವನು ತಾನೇ ಒಪ್ಪಿದ. ಬುಡನಸಾಬ ಮೋಟಾರು ಗೊತ್ತು ಮಾಡಲು ಕಲಘಟಗಿಗೆ ಹೋದ. ಅವನು ಮೋಟಾರಿನೊಂದಿಗೆ ತಿರುಗಿ ಬರುವಷ್ಟರಲ್ಲಿ ಹೊತ್ತೇರಿತ್ತು. ಸುಶೀಲವ್ವ ಅವತ್ತಿನ ಬಟ್ಟಲನ್ನು ಉಸಿರು ನಿಂತ ಗಂಡನ ತುಟಿಗೆ ಹಿಡಿದೇ ಕೂತಿದ್ದಳು. ತೀರ್ಥ ಬಾಯಿಯ ಎರಡೂ ಬದಿಯಿಂದ ಇಳಿದು ಅವಳ ಸೀರೆ ತೋಯಿಸಿತ್ತು.